ಕಾಸರಗೋಡಿನಲ್ಲಿ ನೀರ ಬದಿಯ ಮೀನೂಟ: ಪದೇ ಪದೇ ಕೇಳುವ ಪ್ರಶ್ನೆಗಳು

ರಜೆ ಶುರುವಾದರೆ ಸಾಕು, ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯ ನೆಂಟರ ಫೋನೂ ಶುರು. "ಬೇಕಲಕ್ಕೆ ಬರ್ತಿದ್ದೇವೆ, ಒಳ್ಳೆ ಮೀನೂಟ ಎಲ್ಲಿ ಸಿಗುತ್ತೆ?" ಹೋಟೆಲಿನ ಹೆಸರು ಹೇಳುವುದು ಕಷ್ಟವಲ್ಲ. ಆದರೆ ಹೋದ ವರ್ಷ ಕೈರುಚಿ ತೋರಿಸಿದ ಅಡುಗೆಯವರು ಈ ವರ್ಷ ಗಲ್ಫಿಗೆ ಹೋಗಿರುತ್ತಾರೆ. ಹಾಗಾಗಿ ಇಲ್ಲಿ ಯಾವ ಹೋಟೆಲಿನ ಹೆಸರೂ ಇಲ್ಲ. ಎಲ್ಲಿಗೆ ಹೋದರೂ ಮನೆಮಂದಿಯೆಲ್ಲ ಜಗಳವಿಲ್ಲದೆ ಉಂಡು ಏಳುವುದು ಹೇಗೆ ಅನ್ನುವುದಷ್ಟೇ ಇದೆ.

ಊಟಕ್ಕೆ ಬೇಕಲದಲ್ಲೇ ಕೂರಬೇಕಾ, ಬೇರೆ ಕಡೆ ಹೋಗಬೇಕಾ?

ಬೇಕಲ ನೋಡಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಕೆಳದಿಯ ಶಿವಪ್ಪ ನಾಯಕ 17ನೇ ಶತಮಾನದಲ್ಲಿ ಕಟ್ಟಿಸಿದ ಕೋಟೆ. ಕಾಸರಗೋಡು ಪೇಟೆಯಿಂದ ಸುಮಾರು 16 ಕಿ.ಮೀ. ದಕ್ಷಿಣಕ್ಕಿದೆ. ಆದರೆ ಅಲೆ ಕಾಣುವ ಟೇಬಲ್ಲಿಗೆ ಬೆಲೆ ಜಾಸ್ತಿ. ಮಧ್ಯಾಹ್ನ ಗಾಳಿಗೆ ಮರಳು ಹಾರಿ ತಟ್ಟೆಗೆ ಬೀಳುತ್ತದೆ. ಮಕ್ಕಳು ಒಂದು ತುತ್ತು ತಿಂದು ನೀರಿನ ಕಡೆ ಓಡುತ್ತಾರೆ, ಅವರ ಹಿಂದೆ ಯಾರಾದರೂ ಒಬ್ಬರು ಓಡಬೇಕು. ಆ ಒಬ್ಬರ ಊಟ ತಣ್ಣಗಾಗುತ್ತದೆ.

ನನ್ನನ್ನು ಕೇಳಿದರೆ ಕಡಲಿಗಿಂತ ಅಳಿವೆ ಬದಿಯೇ, ಅಂದರೆ ಹೊಳೆ ಕಡಲು ಸೇರುವ ಕಡೆಯೇ ಮೇಲು. ಸುಳ್ಯದಲ್ಲಿ ಪಯಸ್ವಿನಿ ಅನ್ನಿಸಿಕೊಳ್ಳುವ ಹೊಳೆ ಇಲ್ಲಿಗೆ ಬರುವಾಗ ಚಂದ್ರಗಿರಿ. ಅದರ ದಡ, ಮೊಗ್ರಾಲ್ ಮತ್ತು ಶಿರಿಯ ಹೊಳೆಗಳ ಬದಿ, ದಕ್ಷಿಣಕ್ಕೆ ನೀಲೇಶ್ವರ, ವಲಿಯಪರಂಬದ ಹಿನ್ನೀರು. ಅಲ್ಲೆಲ್ಲ ನೀರು ಶಾಂತ, ತೆಂಗಿನ ನೆರಳು, ದೋಣಿಗಳ ಓಡಾಟ. ಕಡಲ ಮೀನೂ ಸಿಗುತ್ತದೆ, ಹಿನ್ನೀರಿನ ಕರಿಮೀನು, ಏಡಿ, ಸಿಗಡಿಯೂ ಸಿಗುತ್ತವೆ. ಕೋಟೆ ನೋಡಿ, ಫೋಟೋ ತೆಗೆದುಕೊಂಡು, ಊಟಕ್ಕೆ ಅಳಿವೆ ಕಡೆ ಬನ್ನಿ.

ಯಾವ ತಿಂಗಳಲ್ಲಿ ಬಂದರೆ ಒಳ್ಳೆಯ ಮೀನು?

ಅಕ್ಟೋಬರಿನಿಂದ ಮೇ ಮೊದಲ ವಾರಗಳವರೆಗೆ ಧೈರ್ಯವಾಗಿ ಬನ್ನಿ.

ಜೂನ್, ಜುಲೈ ಬೇರೆ ಕತೆ. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ (ಯಂತ್ರದ ಬೋಟಿನಲ್ಲಿ ದೊಡ್ಡ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ. ಕರ್ನಾಟಕದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ ರಜೆ. ಮೀನು ಮೊಟ್ಟೆಯಿಟ್ಟು ಮರಿಯಾಗುವ ಕಾಲ ಅದು, ಬಿಟ್ಟುಬಿಡಬೇಕಾದದ್ದೇ. ಹಾಗಂತ ಆಗ ಮೀನೇ ಇಲ್ಲ ಅಂತ ಅಲ್ಲ. ಸಾಂಪ್ರದಾಯಿಕ ದೋಣಿಗಳಿಗೆ ಕೇರಳದಲ್ಲಿ ಈ ನಿಷೇಧ ಇಲ್ಲ. ಕಡಲು ಸ್ವಲ್ಪ ಇಳಿದ ದಿನ ಅವರು ಹೋಗುತ್ತಾರೆ, ಬೂತಾಯಿ, ಬಂಗುಡೆ ತರುತ್ತಾರೆ. ಹೊಳೆ ಮೀನೂ ಇರುತ್ತದೆ. ಆದರೆ ಆ ದಿನಗಳಲ್ಲಿ ದೊಡ್ಡ ಅಂಜಲ್, ದೊಡ್ಡ ಮಾಂಜಿ (ಪಾಂಫ್ರೆಟ್) ಬೇಕು ಅಂತ ಹಟ ಹಿಡಿದರೆ ಐಸ್ ಪೆಟ್ಟಿಗೆಯಿಂದ ಬಂದದ್ದನ್ನೇ ತಿನ್ನಬೇಕಾದೀತು. ಬೇರೆ ರಾಜ್ಯದಿಂದ ಲಾರಿಯಲ್ಲಿ ಬಂದದ್ದೂ ಇರಬಹುದು. ಹೋಟೆಲಿನವರು ಅದನ್ನು ಮುಚ್ಚಿಡುವುದಿಲ್ಲ, ಆದರೆ ತಾವಾಗಿ ಹೇಳುವುದೂ ಇಲ್ಲ. ಕೇಳಬೇಕು.

ಇನ್ನೊಂದು ವಿಷಯ. ರಂಜಾನ್ ತಿಂಗಳಲ್ಲಿ ಕಾಸರಗೋಡು ಪೇಟೆ, ತಳಂಗರ ಕಡೆ ಹಗಲು ಹೊತ್ತು ಅನೇಕ ಹೋಟೆಲುಗಳು ಮುಚ್ಚಿರುತ್ತವೆ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೂ ಕೆಲವು ಕಡೆ ಬಾಗಿಲು ಹಾಕಿರುತ್ತದೆ. ಅಜ್ಜಿಯನ್ನು, ಮಕ್ಕಳನ್ನು ಹಸಿವಿನಲ್ಲಿ ಸುತ್ತಿಸುವ ಬದಲು ಮೊದಲೇ ಫೋನ್ ಮಾಡಿ. ಆದರೆ ರಂಜಾನ್ ಸಂಜೆ ಇಲ್ಲಿದ್ದರೆ ಅದೃಷ್ಟ ಅಂದುಕೊಳ್ಳಿ. ಆ ಹೊತ್ತಿನ ಕರಿದ ತಿಂಡಿಗಳ ಸಾಲು ಬೇರೆ ದಿನ ಸಿಗುವುದಿಲ್ಲ.

ಮಧ್ಯಾಹ್ನವೋ, ರಾತ್ರಿಯೋ?

ಮಧ್ಯಾಹ್ನ. ಬೆಳಿಗ್ಗೆ ದೋಣಿ ಬಂದು, ಹರಾಜಾಗಿ, ಹೋಟೆಲಿಗೆ ತಲುಪಿದ ಮೀನು ಮೊದಲು ಹೋಗುವುದು ಮಧ್ಯಾಹ್ನದ ಊಟಕ್ಕೆ. ಹನ್ನೆರಡೂವರೆಗೆ ಕೂತರೆ ಎಲ್ಲವೂ ಇರುತ್ತದೆ. ಎರಡೂವರೆಗೆ ಹೋದರೆ "ಅದು ಮುಗೀತು, ಇದೂ ಮುಗೀತು" ಅನ್ನುವುದನ್ನು ಕೇಳಬೇಕು. ಮುಗಿಯಿತು ಅನ್ನುವ ಹೋಟೆಲನ್ನು ಬೈಯಬೇಡಿ. ರಾತ್ರಿಯವರೆಗೂ ಎಲ್ಲ ಮೀನೂ ಇರುವ ಹೋಟೆಲಿನ ಬಗ್ಗೆಯೇ ನನಗೆ ಅನುಮಾನ.

ಸೂರ್ಯಾಸ್ತ ನೋಡುತ್ತಾ ತಿನ್ನಬೇಕು ಅನ್ನುವವರು ಸಂಜೆ ಚಹಾ, ತಿಂಡಿಗೆ ಕೂರಿ. ನವೆಂಬರಿನಲ್ಲಿ ಸೂರ್ಯ 6 ಗಂಟೆ ಸುಮಾರಿಗೆ ಮುಳುಗುತ್ತಾನೆ, ಮೇ ತಿಂಗಳಲ್ಲಿ 6.45ರ ಹತ್ತಿರ.

ಮೆನುವಿನಲ್ಲಿ ಮೀನಿನ ಹೆಸರು ಒಂದೂ ಅರ್ಥವಾಗುವುದಿಲ್ಲ. ಏನು ಮಾಡುವುದು?

ಇಲ್ಲಿ ಒಂದೇ ಮೀನಿಗೆ ಮೂರು ಭಾಷೆಯಲ್ಲಿ ಹೆಸರು. ಮತ್ತಿ ಅಂದರೆ ಬೂತಾಯಿ. ಅಯಲ ಅಂದರೆ ಬಂಗುಡೆ. ಅಯಕ್ಕೂರ ಅಂದರೆ ಅಂಜಲ್, ಆವೋಲಿ ಅಂದರೆ ಮಾಂಜಿ, ಬೆಂಗಳೂರಿನವರ ಪಾಂಫ್ರೆಟ್. ಮಾಂದಳ್ ಅಂದರೆ ನಂಗ್. ಚೆಮ್ಮೀನ್ ಸಿಗಡಿ, ಞಂಡ್ ಏಡಿ, ಕೂಂದಳ್ ಬೊಂಡಾಸ್ (ಸ್ಕ್ವಿಡ್). ಕಲ್ಲುಮ್ಮಕ್ಕಾಯ ಅಂದರೆ ತುಳುವರ ಪಚ್ಚಿಲೆ. ಕರಿಮೀನು ಮೆನುವಿನಲ್ಲೂ ಕರಿಮೀನೇ. ಅದು 2010ರಿಂದ ಕೇರಳದ ರಾಜ್ಯ ಮೀನು ಕೂಡ.

ಇಷ್ಟನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಮೆನು ಕಾರ್ಡನ್ನು ಪಕ್ಕಕ್ಕಿಟ್ಟು, "ಇವತ್ತು ಯಾವ ಮೀನು ಬಂದಿದೆ?" ಅಂತ ಕೇಳಿ. ಇಡೀ ಪುಟದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಕಾರ್ಡ್ ಅಚ್ಚಾಗಿ ವರ್ಷವಾಗಿರುತ್ತದೆ. ಮೀನು ಬಂದದ್ದು ಇವತ್ತು ಬೆಳಿಗ್ಗೆ.

ಕನ್ನಡದಲ್ಲಿ ಮಾತಾಡಿದರೆ ನಡೆಯುತ್ತಾ?

ಧಾರಾಳವಾಗಿ. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಪೇಟೆಯಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲವೂ ಒಂದೇ ಟೇಬಲ್ಲಿನಲ್ಲಿ ಕೇಳಿಸುತ್ತವೆ. ದಯವಿಟ್ಟು ಬಂದ ಕೂಡಲೇ ಇಂಗ್ಲಿಷಿನಲ್ಲಿ ಶುರು ಮಾಡಬೇಡಿ. ಕನ್ನಡದಲ್ಲೇ ಕೇಳಿ, ಗಡಿನಾಡಿನ ನಮಗೂ ಅದೊಂದು ಖುಷಿ. ಕಾಞಂಗಾಡು ದಾಟಿದ ಮೇಲೆ ಮಲಯಾಳವೇ ಜಾಸ್ತಿ. ಅಲ್ಲಿಯೂ ಮೀನಿನ ಹೆಸರು ಹೇಳಿ, ಬೆರಳು ತೋರಿಸಿದರೆ ಕೆಲಸವಾಗುತ್ತದೆ.

ನಮಗೆ ಮಂಗಳೂರು ರುಚಿ ಅಭ್ಯಾಸ. ಇಲ್ಲೂ ಅದೇ ಸಿಗುತ್ತಾ?

ಎಲ್ಲಿ ಕೂತಿದ್ದೀರಿ ಅನ್ನುವುದರ ಮೇಲಿದೆ. ತುಳುನಾಡಿನ ದಕ್ಷಿಣದ ಗಡಿ ಚಂದ್ರಗಿರಿ ಹೊಳೆ ಅಂತ ಹಿಂದಿನಿಂದಲೂ ಹೇಳುತ್ತಾರೆ. ಅಡುಗೆಯಲ್ಲೂ ಇದು ಸುಮಾರಾಗಿ ನಿಜ. ಹೊಳೆಯ ಉತ್ತರಕ್ಕೆ ಪುಳಿಮುಂಚಿ, ಗಸಿ, ನೀರುದೋಸೆ, ರವಾ ಫ್ರೈ ಸುಲಭವಾಗಿ ಸಿಗುತ್ತವೆ. ದಕ್ಷಿಣಕ್ಕೆ ಹೋದ ಹಾಗೆ ಮಲಬಾರಿನ ಕೈ. ತೆಂಗಿನಕಾಯಿ ಅರೆದು ಹಾಕಿದ ಸಾರು ಒಂದು, ಕಾಯಿ ಹಾಕದೆ ಮೆಣಸು, ಹುಣಸೆಯಲ್ಲೇ ಕುದಿಸಿದ ಕೆಂಪು ಸಾರು ಇನ್ನೊಂದು. ಎರಡನೆಯದಕ್ಕೆ 'ಮುಳಗಿಟ್ಟದ್' ಅನ್ನುತ್ತಾರೆ. ಖಾರ ತಡೆಯದವರು ಕಾಯಿ ಅರೆದದ್ದನ್ನೇ ಕೇಳಿ. ಮಾವಿನಕಾಯಿ ಸಿಗುವ ಕಾಲದಲ್ಲಿ ಹುಣಸೆಯ ಬದಲು ಅದನ್ನೇ ಹಾಕಿದ ಸಾರು ಇದ್ದರೆ ಬಿಡಬೇಡಿ. ಕರಿಯುವುದು ಹೆಚ್ಚಾಗಿ ತೆಂಗಿನೆಣ್ಣೆಯಲ್ಲಿ. ಆ ವಾಸನೆ ಆಗದವರು ಮೊದಲೇ ಕೇಳಿಕೊಳ್ಳಿ.

ಆರು ಜನ ಇದ್ದೇವೆ. ಎಷ್ಟು, ಏನು ಹೇಳಬೇಕು?

ಆರು ಜನಕ್ಕೂ ಒಂದೊಂದು ಪ್ಲೇಟ್ ಫ್ರೈ ಹೇಳುವುದೇ ಎಲ್ಲರೂ ಮಾಡುವ ಕೆಲಸ. ಆಗ ಟೇಬಲ್ ತುಂಬಾ ಒಂದೇ ರುಚಿ. ಬದಲಿಗೆ ಎಲ್ಲರಿಗೂ ಊಟ ಹೇಳಿ. ಕುಚ್ಚಲಕ್ಕಿ ಅನ್ನ, ಮೀನು ಸಾರು, ಪಲ್ಯ, ಹಪ್ಪಳ ಅದರಲ್ಲೇ ಬರುತ್ತವೆ. ಅನ್ನ, ಸಾರು ಮತ್ತೆ ಮತ್ತೆ ಬಡಿಸುತ್ತಾರೆ. ಅದರ ಮೇಲೆ ಹಂಚಿಕೊಳ್ಳಲು ಒಂದು ದೊಡ್ಡ ಮೀನು ಬಾಳೆ ಎಲೆಯಲ್ಲಿ ಸುಟ್ಟದ್ದು, ಒಂದು ಪ್ಲೇಟ್ ಬಂಗುಡೆ ಅಥವಾ ಬೂತಾಯಿ ಫ್ರೈ, ಒಂದು ಸಿಗಡಿ ಅಥವಾ ಮರುವಾಯಿ (ಸಣ್ಣ ಚಿಪ್ಪಿ) ಸುಕ್ಕ. ಸಾಕು. ಬೇಕಾದರೆ ಮತ್ತೆ ಹೇಳಬಹುದಲ್ವಾ.

ಬೂತಾಯಿಯನ್ನು ಅಗ್ಗದ ಮೀನು ಅಂತ ಕಡೆಗಣಿಸುವವರಿಗೆ ಒಂದು ಮಾತು. ಮಳೆ ಮುಗಿದ ಮೇಲೆ ಬರುವ ಕೊಬ್ಬಿದ ಬೂತಾಯಿಯ ಮುಂದೆ ದುಬಾರಿ ಮಾಂಜಿ ಸಪ್ಪೆ. ಮೆನುವಿನಲ್ಲಿರುವ 'ಫಿಶ್ ಫಿಂಗರ್' ಮಾತ್ರ ಬೇಡ. ಎಷ್ಟೋ ಕಡೆ ಅದು ಸಾಕಣೆಯ ಬಾಸಾ ಮೀನು, ಪ್ಯಾಕೆಟ್ಟಿನಲ್ಲಿ ಬಂದದ್ದು. ಅದನ್ನು ತಿನ್ನಲು ಕಡಲ ತೀರದವರೆಗೆ ಬರಬೇಕಾಗಿಲ್ಲ.

ಕಲ್ಲುಮ್ಮಕ್ಕಾಯ ಅಂತ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಅಂಥದ್ದೇನಿದೆ?

ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಇದು ನಮ್ಮ ಜಿಲ್ಲೆಯ ಹೆಮ್ಮೆ. ಹಸಿರಂಚಿನ ಕಪ್ಪು ಚಿಪ್ಪು, ಒಳಗೆ ಕಿತ್ತಳೆ ಅಥವಾ ಬಿಳಿ ಬಣ್ಣದ ಮಾಂಸ. ಕಡಲೊಳಗಿನ ಬಂಡೆಗೆ ಅಂಟಿಕೊಂಡು ಬೆಳೆಯುತ್ತದೆ, ಮುಳುಗಿ ಕಿತ್ತು ತರುತ್ತಾರೆ. ಪಡನ್ನ, ವಲಿಯಪರಂಬ ಕಡೆಯ ಹಿನ್ನೀರಿನಲ್ಲಿ ಇದನ್ನು ಬೆಳೆಸುತ್ತಾರೆ ಕೂಡ. ಕೇಂದ್ರ ಸರ್ಕಾರದ ಕಡಲ ಮೀನು ಸಂಶೋಧನಾ ಸಂಸ್ಥೆಯವರು ತೋರಿಸಿಕೊಟ್ಟ ಕ್ರಮ, 1990ರ ದಶಕದಲ್ಲಿ ಇಲ್ಲಿ ಬೇರೂರಿತು. ಹೆಂಗಸರ ಸ್ವಸಹಾಯ ಗುಂಪುಗಳು ಇದನ್ನು ಕೈಗೆತ್ತಿಕೊಂಡವು.

ನೀರಿನಲ್ಲಿ ಬಿದಿರಿನ ಚಪ್ಪರ ಕಟ್ಟುತ್ತಾರೆ. ಬಂಡೆಯಿಂದ ತಂದ ಮರಿಗಳನ್ನು ಹಗ್ಗದ ಸುತ್ತ ಇಟ್ಟು, ತೆಳು ಹತ್ತಿ ಬಟ್ಟೆ ಸುತ್ತಿ ಹೊಲಿದು ನೀರಿಗೆ ಇಳಿಬಿಡುತ್ತಾರೆ. ಬಟ್ಟೆ ಕರಗುವ ಹೊತ್ತಿಗೆ ಮರಿಗಳು ಹಗ್ಗವನ್ನು ಗಟ್ಟಿಯಾಗಿ ಹಿಡಿದಿರುತ್ತವೆ. ಮೇವು ಹಾಕುವ ಕೆಲಸವೇ ಇಲ್ಲ, ನೀರಿನಲ್ಲಿರುವುದನ್ನೇ ಸೋಸಿ ತಿಂದು ಬೆಳೆಯುತ್ತವೆ. ವರ್ಷದ ಕೊನೆಗೆ ಕಟ್ಟಿದ್ದು ಬೇಸಿಗೆಯ ಕೊನೆಗೆ ಕೊಯ್ಲಿಗೆ ಬರುತ್ತದೆ. ಮಳೆ ಹಿಡಿಯುವ ಮೊದಲೇ ತೆಗೆಯಬೇಕು. ಹೊಳೆಯ ಸಿಹಿನೀರು ನುಗ್ಗಿ ಉಪ್ಪಿನಂಶ ಇಳಿದರೆ ಸತ್ತುಹೋಗುತ್ತವೆ. ಹಾಗಾಗಿ ಏಪ್ರಿಲ್, ಮೇ ರಜೆಯಲ್ಲಿ ಬರುವವರಿಗೆ ಇದು ಹೇಳಿ ಮಾಡಿಸಿದ ಕಾಲ.

ತಿನ್ನುವ ಬಗೆ ಎರಡು. ಬಿಡಿಸಿ ಮಸಾಲೆ ಹಾಕಿ ಹುರಿದದ್ದು ಒಂದು. ಇನ್ನೊಂದು ತುಂಬಿದ್ದು, ಅರಿಕಡುಕ್ಕ ಅಂತ ಕೇಳಿ. ಕುಚ್ಚಲಕ್ಕಿಯನ್ನು ತೆಂಗಿನಕಾಯಿ, ಸಣ್ಣ ಈರುಳ್ಳಿ, ಜೀರಿಗೆ ಜೊತೆ ಅರೆದು, ಚಿಪ್ಪು ಬಿಡಿಸಿ ಒಳಗೆ ತುಂಬಿ, ಹಬೆಯಲ್ಲಿ ಬೇಯಿಸುತ್ತಾರೆ. ಆಮೇಲೆ ಚಿಪ್ಪು ತೆಗೆದು, ಮೆಣಸು, ಅರಿಸಿನದಲ್ಲಿ ಹೊರಳಿಸಿ ಕರಿಯುತ್ತಾರೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಇದು ಊಟದ ಜೊತೆಗಿಂತ ಸಂಜೆ ಸುಲೈಮಾನಿ ಚಹಾದ ಜೊತೆ ರುಚಿ. ಚಿಪ್ಪಿನ ಸಮೇತ ಬೇಯಿಸಿ ಕೊಟ್ಟಾಗ ಬಾಯಿ ತೆರೆಯದೆ ಉಳಿದದ್ದಿದ್ದರೆ ಪಕ್ಕಕ್ಕಿಡಿ. ಅದನ್ನು ಬಲವಂತವಾಗಿ ಬಿಡಿಸಿ ತಿನ್ನುವುದು ಬೇಡ.

ಮೀನು ತಾಜಾ ಅಂತ ತಿಳಿಯುವುದು ಹೇಗೆ?

ಅನೇಕ ಕಡೆ ಮಸಾಲೆ ಹಚ್ಚಿದ ಮೀನನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಇಟ್ಟಿರುತ್ತಾರೆ. ನೋಡಲು ಚೆಂದ, ಆದರೆ ಮಸಾಲೆಯ ಕೆಳಗೆ ಏನಿದೆ ಅಂತ ಕಾಣುವುದಿಲ್ಲ. ಮಸಾಲೆ ಹಚ್ಚದ ಇಡೀ ಮೀನು ತೋರಿಸಿ ಅನ್ನಿ. ಕಣ್ಣು ಹೊಳೆಯುತ್ತಾ ಉಬ್ಬಿರಬೇಕು, ಕಿವಿರು ಕೆಂಪಗಿರಬೇಕು, ಒತ್ತಿದರೆ ಬೆರಳಿನ ಗುರುತು ಉಳಿಯಬಾರದು. ಸಿಗಡಿಯ ತಲೆ ಕಪ್ಪಾಗಿದ್ದರೆ ಬೇಡ.

ಬಂಗುಡೆ, ಟ್ಯೂನಾ ಜಾತಿಯ ಮೀನಿನಲ್ಲಿ ಇನ್ನೂ ಒಂದು ಎಚ್ಚರ ಬೇಕು. ಐಸ್ ಇಲ್ಲದೆ ಬಿಸಿಲಿನಲ್ಲಿ ಬಿದ್ದಿದ್ದರೆ ಅವುಗಳಲ್ಲಿ ಹಿಸ್ಟಮಿನ್ ಅನ್ನುವ ಪದಾರ್ಥ ಸೇರಿಕೊಳ್ಳುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ಮೈ ತುರಿಸಿ, ತಲೆ ನೋಯಬಹುದು. ನಾಲಗೆಗೆ ಮೆಣಸಿನ ಹಾಗೆ ಚುರುಚುರು ಅಂದರೆ ತಿನ್ನುವುದನ್ನು ನಿಲ್ಲಿಸಿ. ತೊಂದರೆ ಜಾಸ್ತಿಯಾದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ.

ಮೆನುವಿನಲ್ಲಿ ಬೆಲೆಯೇ ಇಲ್ಲ, 'ಸೈಜ್ ಪ್ರಕಾರ' ಅಂತ ಬರೆದಿದೆ. ಮೋಸ ಹೋಗದಿರುವುದು ಹೇಗೆ?

ಬೆಲೆ ಬರೆಯದಿರುವುದೇ ಮೋಸವಲ್ಲ. ಹರಾಜಿನ ಬೆಲೆ ದಿನಕ್ಕೊಂದು. ಆದರೆ ಬಿಲ್ ಬಂದ ಮೇಲೆ ಬಾಯಿ ಬಿಡುವುದರಲ್ಲಿ ಅರ್ಥವಿಲ್ಲ. ಮೀನು ಆರಿಸಿ, ನಿಮ್ಮ ಎದುರಿಗೇ ತೂಗಿಸಿ. ಬೆಲೆ ಕಿಲೋಗೋ, ಪೀಸಿಗೋ ಕೇಳಿ. ತೂಕ ಕ್ಲೀನ್ ಮಾಡುವ ಮೊದಲಿನದ್ದೋ, ಆಮೇಲಿನದ್ದೋ ಅಂತಲೂ ಕೇಳಿ. ಸಾಮಾನ್ಯವಾಗಿ ಮೊದಲಿನದ್ದೇ ಇರುತ್ತದೆ. ಅಡುಗೆಯ ಖರ್ಚು ಅದರಲ್ಲೇ ಸೇರಿದೆಯಾ ಅನ್ನುವುದು ಕೊನೆಯ ಪ್ರಶ್ನೆ. ಇಷ್ಟು ಕೇಳಲು ಭಾವನಿಗೆ ನಾಚಿಕೆಯಾದರೆ ಅಕ್ಕನನ್ನು ಕಳಿಸಿ.

ಜಿಎಸ್‌ಟಿ ಸಾಮಾನ್ಯ ಹೋಟೆಲಿನಲ್ಲಿ ಶೇ. 5. ರೂಮ್ ಬಾಡಿಗೆ ದಿನಕ್ಕೆ 7,500 ರೂಪಾಯಿಗಿಂತ ಜಾಸ್ತಿ ಇರುವ ದೊಡ್ಡ ರೆಸಾರ್ಟುಗಳ ಒಳಗಿನ ಊಟಕ್ಕೆ ಶೇ. 18. ಬೇಕಲದ ಸುತ್ತ ಅಂಥವು ಇವೆ, ಆರು ಜನರ ಬಿಲ್ಲಿನಲ್ಲಿ ಈ ವ್ಯತ್ಯಾಸ ಚೆನ್ನಾಗಿಯೇ ಕಾಣುತ್ತದೆ. ಸರ್ವಿಸ್ ಚಾರ್ಜ್ ಮಾತ್ರ ಬೇರೆ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. ಸೇರಿಸಿದ್ದರೆ ತೆಗೆಯಲು ಹೇಳಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಬಡಿಸಿದ ಹುಡುಗನ ಕೈಗೆ ನೀವಾಗಿ ಏನಾದರೂ ಕೊಟ್ಟರೆ ಅದು ನಿಮ್ಮ ಖುಷಿ.

ಅತ್ತೆ ಮೀನು ತಿನ್ನುವುದಿಲ್ಲ. ಅವರನ್ನು ಕರೆದುಕೊಂಡು ಬರಬಹುದಾ?

ಅತ್ತೆಯನ್ನು ಮೊದಲು ಕೇಳಿ! ಪಕ್ಕದ ಟೇಬಲ್ಲಿನಲ್ಲಿ ಮೀನು ತಿಂದರೆ ಪರವಾಗಿಲ್ಲ ಅನ್ನುವವರಾದರೆ ಸಮಸ್ಯೆ ಇಲ್ಲ. ಅನ್ನ, ಸಾಂಬಾರು, ಅವಿಯಲ್, ತೋರನ್, ಮಜ್ಜಿಗೆ ಸಿಗುತ್ತವೆ. ಆದರೆ ಸಣ್ಣ ಹೋಟೆಲುಗಳಲ್ಲಿ ಸೌಟು, ಕಾವಲಿ, ಎಣ್ಣೆ ಬೇರೆ ಬೇರೆ ಇರುತ್ತವೆ ಅಂತ ಯಾರೂ ಭರವಸೆ ಕೊಡಲಾರರು. ಮಡಿ, ಮೈಲಿಗೆ ನೋಡುವವರಿಗೆ ಸುಮ್ನೆ ಒತ್ತಾಯ ಮಾಡಬೇಡಿ. ಅವರಿಗೆ ಮೊದಲೇ ಪೇಟೆಯ ಸಸ್ಯಾಹಾರಿ ಹೋಟೆಲಿನಲ್ಲಿ ಊಟ ಮಾಡಿಸಿ. ಆಮೇಲೆ ಹೊಳೆ ಬದಿಗೆ ಎಲ್ಲರೂ ಒಟ್ಟಿಗೆ ಬನ್ನಿ. ಅವರು ಎಳನೀರು ಕುಡಿಯುತ್ತಾ ಕೂರಲಿ.

ಸೋಮವಾರ, ಶನಿವಾರ, ಸಂಕ್ರಮಣ ಅಂತ ಬಿಡುವವರು ಮನೆಯಲ್ಲಿದ್ದರೆ ಪ್ರವಾಸದ ದಿನ ಗೊತ್ತು ಮಾಡುವಾಗಲೇ ಕ್ಯಾಲೆಂಡರ್ ನೋಡಿ. ಟೇಬಲ್ಲಿನ ಮುಂದೆ ಕೂತು ನೆನಪಾಗುವ ಸೋಮವಾರದಷ್ಟು ಕಹಿ ಬೇರೆ ಇಲ್ಲ.

ಮಕ್ಕಳಿಗೆ ಯಾವ ಮೀನು? ಮುಳ್ಳಿನ ಭಯ.

ಅಂಜಲ್ ತುಂಡಿನಲ್ಲಿ ನಡುವಿನ ಮುಳ್ಳು ತೆಗೆದರೆ ಬಹುಪಾಲು ಕೆಲಸ ಮುಗಿಯಿತು. ಮಾಂಜಿ, ನಂಗ್ ಕೂಡ ಸುಲಭ. ಬೂತಾಯಿ, ಕರಿಮೀನು ದೊಡ್ಡವರಿಗೆ ಇರಲಿ. ಸಣ್ಣವರಿಗೆ ಮೆಣಸು ಹಚ್ಚದೆ, ಬರೀ ಅರಿಸಿನ, ಉಪ್ಪು ಹಾಕಿ ಹುರಿದು ಕೊಡಿ ಅಂದರೆ ಕೊಡುತ್ತಾರೆ.

ಮುಳ್ಳು ಸಿಕ್ಕಿಕೊಂಡರೆ ಅಜ್ಜಿಯರು ಅನ್ನದ ಉಂಡೆ ನುಂಗಿಸಲು ಬರುತ್ತಾರೆ. ಬೇಡ. ಮುಳ್ಳು ಇನ್ನೂ ಆಳಕ್ಕೆ ಚುಚ್ಚಿಕೊಳ್ಳಬಹುದು. ಕೆಮ್ಮಿಯೂ ಹೋಗದಿದ್ದರೆ ಗಂಟಲಿನ ಡಾಕ್ಟರೇ ತೆಗೆಯಲಿ.

ಸಿಗಡಿ ಅಲರ್ಜಿ ಇರುವವರು ಬರೀ ಮೀನು ತಿಂದರೆ ಸಾಕಾ?

ಸಾಲದು. ಅದೇ ಕಾವಲಿಯಲ್ಲಿ, ಅದೇ ಎಣ್ಣೆಯಲ್ಲಿ ಸಿಗಡಿ ಹುರಿದಿರುತ್ತಾರೆ. ಅಲರ್ಜಿ ಮಾಡುವ ಅಂಶ ಬೆಂದರೂ ಹೋಗುವುದಿಲ್ಲ. ಒಣ ಸಿಗಡಿಯ ಚಟ್ನಿ ಊಟದ ಜೊತೆ ತಾನಾಗಿ ಬರುತ್ತದೆ, ಪುಡಿಯಾಗಿರುವುದರಿಂದ ಗುರುತೇ ಸಿಗುವುದಿಲ್ಲ. ಆರ್ಡರ್ ಹೇಳುವ ಮೊದಲೇ ತಿಳಿಸಿ. ಹಿಂದೆ ಉಸಿರು ಕಟ್ಟಿದ ಅನುಭವ ಇದ್ದವರಿಗೆ ಇಂಥ ಹೋಟೆಲೇ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಕುಡಿಯಲು ಕೆಂಪು ಬಣ್ಣದ ಬಿಸಿನೀರು ಕೊಟ್ಟರು. ಅದೇನು?

ಪತಿಮುಖ ಅನ್ನುವ ಮರದ ಚಕ್ಕೆ ಹಾಕಿ ಕುದಿಸಿದ ನೀರು. ಕೇರಳದಲ್ಲಿ ಮಾಮೂಲು. ಕುದಿಸಿದ ನೀರೇ ಆದ್ದರಿಂದ ಮಕ್ಕಳಿಗೂ ಕೊಡಿ. ಕೆಲವು ಕಡೆ ಇದರ ಬದಲು ಜೀರಿಗೆ ನೀರು ಇರುತ್ತದೆ.

ನಾವೇ ಮೀನು ಕೊಂಡು ತಂದರೆ ಅಡುಗೆ ಮಾಡಿಕೊಡುತ್ತಾರಾ?

ಕೆಲವರು ಮಾಡಿಕೊಡುತ್ತಾರೆ, ದೊಡ್ಡ ಹೋಟೆಲಿನವರು ಒಪ್ಪುವುದಿಲ್ಲ. ಹೋಂಸ್ಟೇಯಲ್ಲಿ ಇಳಿದುಕೊಂಡವರಿಗೆ ಇದು ಬಹಳ ಒಳ್ಳೆಯ ದಾರಿ. ಬೆಳಿಗ್ಗೆ ಬೇಗ ಎದ್ದು ಕಾಸರಗೋಡಿನ ಕಸಬ, ಚೆರುವತ್ತೂರಿನ ಮಡಕ್ಕರ ಅಥವಾ ಮಂಜೇಶ್ವರದ ಬಂದರಿಗೆ ಹೋಗಿ. ಹರಾಜು ಕೂಗುವುದನ್ನು ನೋಡುವುದೇ ಮಕ್ಕಳಿಗೆ ಒಂದು ಪ್ರವಾಸ. ಬುಟ್ಟಿಗಟ್ಟಲೆ ಹರಾಜಾಗುವುದರಿಂದ ನಿಮಗೆ ಬೇಕಾದ ಒಂದೆರಡು ಕಿಲೋವನ್ನು ಅಲ್ಲೇ ಕೊಂಡುಕೊಂಡ ಹೆಂಗಸರ ಹತ್ತಿರ ಕೇಳಿ. ಚಪ್ಪಲಿ ಹಳೆಯದು ಹಾಕಿಕೊಳ್ಳಿ. ಅವರ ಕೆಲಸದ ನಡುವೆ ಸೆಲ್ಫಿಗೆ ನಿಲ್ಲಬೇಡಿ, ಅಲ್ಲಿ ಎಲ್ಲರಿಗೂ ಅವಸರ.

ಹೌಸ್‌ಬೋಟಿನ ಊಟ ಹೇಗೆ?

ನೀಲೇಶ್ವರದ ಕೋಟಪ್ಪುರದಿಂದ ಹೌಸ್‌ಬೋಟುಗಳು ಹೊರಡುತ್ತವೆ. ಆಲಪ್ಪುಳದಷ್ಟು ಗಿಜಿಗುಟ್ಟುವುದಿಲ್ಲ, ಅದೇ ಇದರ ಸುಖ. ಊಟ ಬಾಡಿಗೆಯಲ್ಲೇ ಸೇರಿರುತ್ತದೆ, ಆದರೆ ಮೀನು ತಲೆಗೊಂದು ತುಂಡು ಅಂತ ಲೆಕ್ಕ ಹಾಕಿರುತ್ತಾರೆ. ಬುಕ್ ಮಾಡುವಾಗಲೇ ಯಾವ ಮೀನು, ಎಷ್ಟು ಅಂತ ಮಾತಾಡಿಕೊಳ್ಳಿ. ಜಾಸ್ತಿ ಬೇಕಾದರೆ ದಾರಿಯಲ್ಲಿ ಸಿಗಡಿ, ಏಡಿ ಕೊಂಡು ಕೊಟ್ಟರೆ ಬೇಯಿಸಿಕೊಡುತ್ತಾರಾ ಅಂತಲೂ ಆಗಲೇ ಕೇಳಿ.

ಕಳ್ಳಿನ ಅಂಗಡಿಯ ಮೀನು ಸಾರು ಬಹಳ ರುಚಿಯಂತೆ. ಹೆಂಗಸರು, ಮಕ್ಕಳು ಹೋಗಬಹುದಾ?

ರುಚಿಯ ಮಾತು ನಿಜ. ಮರಗೆಣಸು, ಕೆಂಪು ಮೀನು ಸಾರು ಅಲ್ಲಿನಷ್ಟು ಖಡಕ್ಕಾಗಿ ಬೇರೆ ಕಡೆ ಸಿಗುವುದು ಕಷ್ಟ. ಕುಟುಂಬಕ್ಕೆ ಬೇರೆ ಕೋಣೆ ಇರುವ ಅಂಗಡಿಗಳೂ ಇವೆ. ಇಲ್ಲದ ಕಡೆ ಪಾರ್ಸೆಲ್ ತೆಗೆದುಕೊಂಡು ಬನ್ನಿ.

ಅಜ್ಜನಿಗೆ ಮಂಡಿ ನೋವು. ಕೂರಲು ಅನುಕೂಲ ಇರುತ್ತಾ?

ನೀರ ಬದಿಯ ಹೋಟೆಲುಗಳಲ್ಲಿ ಮೆಟ್ಟಿಲು ಜಾಸ್ತಿ, ಕೆಲವು ಕಡೆ ಮರದ ಹಲಗೆಯ ಮೇಲೆ ನಡೆಯಬೇಕು. ಮಳೆಗಾಲದಲ್ಲಿ ಜಾರುತ್ತದೆ. ಕಾರು ಎಲ್ಲಿಯವರೆಗೆ ಬರುತ್ತದೆ, ಮೆಟ್ಟಿಲು ಎಷ್ಟು ಅಂತ ಫೋನಿನಲ್ಲೇ ಕೇಳಿ. ರಸ್ತೆ ಬದಿಯ ಟೇಬಲ್ಲಿಗೇ ತಂದು ಬಡಿಸುವುದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ.

ಊರಿಗೆ ಮೀನು ಒಯ್ಯಬಹುದಾ?

ಮಂಗಳೂರಿನವರೆಗೆ ಆದರೆ 50 ಕಿ.ಮೀ., ಐಸ್ ಹಾಕಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಆರಾಮವಾಗಿ ಹೋಗುತ್ತದೆ. ಬೆಂಗಳೂರಿಗಾದರೆ ಹೊರಡುವ ಹೊತ್ತಿಗೇ ಕೊಂಡು, ಕ್ಲೀನ್ ಮಾಡಿಸಿ, ಮೀನಿನ ಮೇಲೂ ಕೆಳಗೂ ಐಸ್ ಹಾಕಿಸಿ. ದಾರಿಯಲ್ಲಿ ಕರಗಿದ ನೀರು ಚೆಲ್ಲಿ ಮತ್ತೆ ಐಸ್ ತುಂಬಬೇಕು. ಬಸ್ಸಿನಲ್ಲಿ, ರೈಲಿನಲ್ಲಿ ಹೋಗುವವರು ಪಕ್ಕದ ಪ್ರಯಾಣಿಕರ ಮೇಲೆ ಕರುಣೆ ಇಟ್ಟು ಇದನ್ನು ಬಿಡಿ. ಅದಕ್ಕಿಂತ ಒಣಮೀನು ವಾಸಿ ಅನ್ನುವವರಿದ್ದಾರೆ. ವಾಸನೆಯಲ್ಲಿ ಅದೇನೂ ಕಡಿಮೆಯಲ್ಲ, ಎರಡೆರಡು ಪ್ಲಾಸ್ಟಿಕ್ ಚೀಲ ಸುತ್ತಿ, ಬಟ್ಟೆಯ ಬ್ಯಾಗಿನಿಂದ ದೂರ ಇಡಿ.